ಅರ್ಧ ಗಂಟೆ ಹಿಂದಿರುವ ರೇಡಿಯೊ

“ಇದನ್ನ ನಾ ಕಳಿಸಿಲ್ರಿ,” ಎಂದಳು ಸುಜಾತಾ.

ಮೆಲ್ಬರ್ನ್ ಅಂಚಿನ ಟಾರ್ನೀಟ್‌ನ ಹೊಸ ಬಡಾವಣೆಯ ಮನೆಯಲ್ಲಿ, ಊಟದ ಮೇಜಿನ ಮೇಲೆ, ಅಂಗೈಯಷ್ಟು ದೊಡ್ಡ ಕಪ್ಪು ಹ್ಯಾಮ್ ರೇಡಿಯೊ ಇತ್ತು. ಪಕ್ಕದಲ್ಲಿ ಅದು ಸಿಡ್ನಿಗೆ ಬಂದಿದ್ದ ರಟ್ಟಿನ ಡಬ್ಬಿ. ಕಳಿಸಿದವರ ಹೆಸರಿರಬೇಕಾದ ಕಡೆ ದಪ್ಪ ಅಕ್ಷರದಲ್ಲಿ ಸುಜಾತಾ ಎಂದೇ ಬರೆದಿತ್ತು.

ಬದರಿನಾಥ ಡಬ್ಬಿಯನ್ನು ಅವಳ ಕಡೆಗೆ ತಿರುಗಿಸಿದ. “ನಿಮ್ಮ ಹೆಸರೇ ಇದೆಯಲ್ಲ ಸುಜಾತಾ ಅವರೇ. ಚಕ್ರಪಾಣಿ ನೆನಪಿಗೆ ನನ್ನ ಹತ್ರ ಇರಲಿ ಅಂತ ನೀವೇ ಕಳಿಸಿದ್ದೀರಿ ಅಂದ್ಕೊಂಡಿದ್ದೆ.”

“ಹೆಸರು ಯಾರರೆ ಬರೀತಾರ್ರಿ. ಆವತ್ತು ಇದು ನಮ್ಮ ಮನಿಯವರ ಜಾಕೀಟಿನ ಕಿಸೆದಾಗ ಇತ್ತು. ನಾನೇ ಕಣ್ಣಾರೆ ನೋಡೀನಿ. ಪೊಲೀಸರಿಗೂ ಹಂಗೇ ಹೇಳೀನಿ. ಅವರ ಜೋಡಿ ಸಮುದ್ರದಾಗ ಹೋದದ್ದು ನಿಮ್ಮ ಮನಿಗೆ ಟಪಾಲಿನ್ಯಾಗ ಹೆಂಗ ಬಂತು?”

ಬದರಿನಾಥ ರೇಡಿಯೊವನ್ನು ಕೈಗೆತ್ತಿಕೊಂಡು ಮತ್ತೆ ನೋಡಿದ. ಚಕ್ರಪಾಣಿಯ ಬಳಿ ಮೂರು ನಾಲ್ಕು ರೇಡಿಯೊ ಇದ್ದವು, ಅವುಗಳಲ್ಲಿ ಇದೊಂದು ಎಂದಷ್ಟೇ ಅವನು ತಿಳಿದಿದ್ದ.

ಚಕ್ರಪಾಣಿ ಕಾಣೆಯಾಗಿ ನಾಲ್ಕು ತಿಂಗಳು. ಜನವರಿಯ ಒಂದು ಸಂಜೆ ವೆರಿಬಿ ಸೌತ್‌ನ ಕಡಲ ಕಟ್ಟೆಗೆ ಗಾಳ ಹಾಕಲು ಹೋದ. ಬೆಳ್ಳುಳ್ಳಿಯನ್ನೂ ಮುಟ್ಟದ ಆಸಾಮಿ, ಹಿಡಿದ ಮೀನನ್ನೆಲ್ಲ ಕ್ಷಮೆ ಕೇಳಿ ವಾಪಸ್ ನೀರಿಗೆ ಬಿಡುತ್ತಿದ್ದ. ಮರುದಿನ ಕಾರು ಸಿಕ್ಕಿತು, ಗಾಳ ಸಿಕ್ಕಿತು, ಅವನು ಸಿಗಲಿಲ್ಲ. ಕಾಲು ಜಾರಿ ಮುಳುಗಿದ್ದಾನೆ ಎಂದರು ಪೊಲೀಸರು. ಬರುವ ಶುಕ್ರವಾರ, ಅಸಹಜ ಸಾವುಗಳ ವಿಚಾರಣೆ ನಡೆಸುವ ಕಾರನರ್ ಅದನ್ನೇ ತೀರ್ಮಾನವೆಂದು ಬರೆದುಬಿಟ್ಟರೆ ಮುಗಿಯಿತು. ಆಮೇಲೆ ಚಕ್ರಪಾಣಿಯನ್ನು ಹುಡುಕುವವರು ಈ ದೇಶದಲ್ಲಿ ಯಾರೂ ಇರುವುದಿಲ್ಲ.

ಬದರಿನಾಥ ಮಾತ್ರ ಅದನ್ನು ಒಪ್ಪಿರಲಿಲ್ಲ. ಒಪ್ಪಿದರೆ ಬೆಳಗ್ಗೆ ಎದ್ದು ಮಾತಾಡಲು ಅವನಿಗೆ ಯಾರೂ ಉಳಿಯುತ್ತಿರಲಿಲ್ಲ.

ಸಿಡ್ನಿಯ ಪ್ಯಾರಮಟ್ಟಾದಲ್ಲಿ ರೈಲು ಹಳಿಗೆ ಮುಖ ಮಾಡಿದ ಒಂದು ಬೆಡ್‌ರೂಮಿನ ಅಪಾರ್ಟ್‌ಮೆಂಟು ಅವನದು. ಡಿವೋರ್ಸ್ ಆದ ಮೇಲೆ ಮಗಳು ಪ್ರಣತಿ ತಾಯಿಯ ಜೊತೆ ದಿ ಪಾಂಡ್ಸ್ ಎಂಬ ಬಡಾವಣೆಯಲ್ಲಿ ಇದ್ದಾಳೆ. ಅವನು ಕನ್ನಡದಲ್ಲಿ ಉದ್ದಕ್ಕೆ ಬರೆದ ಮೆಸೇಜಿಗೆ ‘ಓಕೆ ಅಪ್ಪಾ, ಟೇಕ್ ಕೇರ್’ ಎಂದು ಉತ್ತರ ಬರುತ್ತದೆ. ಆಫೀಸಿನ ಮಾತೆಲ್ಲ ಸ್ಕ್ರೀನಿನಲ್ಲಿ, ಇಂಗ್ಲಿಷಿನಲ್ಲಿ. ಲಿಫ್ಟಿನಲ್ಲಿ ಸಿಗುವ ಪಕ್ಕದ ಮನೆಯವರ ಜೊತೆ ಎರಡು ಮಾತು ಹಿಂದಿ. ದಿನಕ್ಕೊಮ್ಮೆ ಬಾಯ್ತುಂಬ ಕನ್ನಡ ಆಡಲು ಅವನಿಗಿದ್ದದ್ದು ಬೆಳಗಿನ ರೇಡಿಯೊ. ಸಿಡ್ನಿಯ ಬಾಲ್ಕನಿಯಿಂದ ಅವನು, ಮೆಲ್ಬರ್ನ್‌ನ ಹಿತ್ತಲಿಂದ ಚಕ್ರಪಾಣಿ. ಇಬ್ಬರ ಮನೆಯಲ್ಲೂ ಇದ್ದ ಹಾಟ್‌ಸ್ಪಾಟ್ ಎಂಬ ಪುಟ್ಟ ಡಬ್ಬಿ ರೇಡಿಯೊ ಮಾತನ್ನು ಇಂಟರ್ನೆಟ್ ಮೂಲಕ ದಾಟಿಸುತ್ತಿತ್ತು. ಮುಖ ನೋಡಿದ್ದು ಎರಡೇ ಸಲವಾದರೂ ಒಬ್ಬರ ಕೆಮ್ಮು ಇನ್ನೊಬ್ಬರಿಗೆ ಗೊತ್ತಿತ್ತು.

ಆ ನಾಲ್ಕು ತಿಂಗಳೂ ಬದರಿನಾಥ ಬೆಳಗ್ಗೆ ಕಾಫಿ ಲೋಟ ಹಿಡಿದು ಬಾಲ್ಕನಿಗೆ ಹೋಗಿ, ಬಟನ್ ಒತ್ತಿ ಚಕ್ರಪಾಣಿಯನ್ನು ಕರೆಯುತ್ತಲೇ ಇದ್ದ. ಉತ್ತರ ಬರುವುದಿಲ್ಲವೆಂದು ತಿಳಿದೂ ಕರೆಯುತ್ತಿದ್ದ. ಹುಚ್ಚು ಎನ್ನುವವರು ಎನ್ನಲಿ.

“ನಿನ್ನೆ ಡಬ್ಬಿ ಒಡೆದಾಗ ಇನ್ನೊಂದು ವಿಚಿತ್ರ ನೋಡಿದೆ,” ಎಂದ ಅವನು. “ಈ ರೇಡಿಯೊದ ಫರ್ಮ್‌ವೇರ್ ಅಪ್‌ಡೇಟ್ ಆಗಿದೆ.”

“ಅಂದ್ರ?”

“ಅಂದ್ರೆ, ಫೋನಿಗೆ ಹೊಸ ಸಾಫ್ಟ್‌ವೇರ್ ಹಾಕ್ತೀವಲ್ಲ, ಹಾಗೆ. ಕಂಪನಿಯವರು ಹೊಸ ವರ್ಷನ್ ಬಿಡ್ತಾರೆ. ಅದನ್ನ ಚಿಕ್ಕ ಮೆಮೊರಿ ಕಾರ್ಡಿಗೆ ಇಳಿಸಿಕೊಂಡು ರೇಡಿಯೊಗೆ ತುಂಬಬೇಕು. ನಿಮ್ಮೆಜಮಾನ್ರು ಜನ್ಮದಲ್ಲಿ ಒಂದು ಸಲ ಮಾಡಿದವರಲ್ಲ.”

ಸುಜಾತಾಳ ತುಟಿಯಲ್ಲಿ ನಗು ಬಂದು ಹೋಯಿತು. “ನಡಿಯೂದನ್ನ ಯಾಕ ಮುಟ್ಟಬೇಕು ಅಂತಿದ್ರು.”

ಅದೇ ಮಾತು. ಹ್ಯಾಮ್‌ಗಳಲ್ಲಿ, ಅಂದರೆ ಈ ರೇಡಿಯೊ ಹವ್ಯಾಸಿಗಳಲ್ಲಿ, ಎರಡು ಜಾತಿ. ಹೊಸ ವರ್ಷನ್ ಬಂತೆಂದರೆ ಅನ್ನ ನೀರು ಬಿಟ್ಟು ತುಂಬಿಕೊಳ್ಳುವವರು ಒಂದು, ಕೊಂಡ ದಿನದ ಸ್ಥಿತಿಯಲ್ಲೇ ರೇಡಿಯೊವನ್ನು ಕಾಪಾಡುವವರು ಇನ್ನೊಂದು. ಬದರಿನಾಥ ಮೊದಲನೆಯ ಜಾತಿ, ಚಕ್ರಪಾಣಿ ಎರಡನೆಯದು. ಆರು ವರ್ಷ ಇಬ್ಬರೂ ಈ ವಿಷಯಕ್ಕೆ ಜಗಳವಾಡಿದ್ದರು. ‘ಅರ್ಧಕ್ಕ ಕರೆಂಟ್ ಹೋದ್ರ ರೇಡಿಯೊ ಕಲ್ಲಾಗ್ತದ ಮಾರಾಯಾ, ನೀ ಕೊಡಸ್ತೀಯೇನು?’ ಎಂದು ಚಕ್ರಪಾಣಿ ರೇಗಿಸುತ್ತಿದ್ದ. ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿಕೊಂಡರೆ ಏನೂ ಆಗುವುದಿಲ್ಲ ಎಂದು ಬದರಿನಾಥ ಗೋಗರೆಯುತ್ತಿದ್ದ.

ಅದಕ್ಕೇ ನಿನ್ನೆ ರೇಡಿಯೊ ಕೈಗೆ ಬಂದೊಡನೆ ಅವನು ಮೊದಲು ನೋಡಿದ್ದು ವರ್ಷನ್. ನಾನೇ ಈಗ ಅಪ್‌ಡೇಟ್ ಮಾಡುತ್ತೇನೆ, ಬೈಯಲು ಅವನೇ ಇಲ್ಲವಲ್ಲ ಎಂದು ಕಣ್ಣು ಒದ್ದೆ ಮಾಡಿಕೊಂಡೇ ಮೆನು ತೆರೆದಿದ್ದ. ಅಲ್ಲಿ ಇದ್ದದ್ದು ಕಂಪನಿ ಕಳೆದ ತಿಂಗಳಷ್ಟೇ ಬಿಟ್ಟ ವರ್ಷನ್.

ಜನವರಿಯಲ್ಲಿ ಮುಳುಗಿದವನ ರೇಡಿಯೊದಲ್ಲಿ ಏಪ್ರಿಲ್‌ನಲ್ಲಿ ಹುಟ್ಟಿದ ವರ್ಷನ್.

ಪೊಲೀಸ್ ಅಧಿಕಾರಿಗೆ ಫೋನ್ ಮಾಡಿದರೆ ಆತ ಸಮಾಧಾನದಿಂದಲೇ ಕೇಳಿಸಿಕೊಂಡು, “ಮೇಟ್, ರೇಡಿಯೊ ಯಾರ ಕೈಯಲ್ಲಾದರೂ ಇದ್ದಿರಬಹುದು, ಆ ಯಾರೋ ಯಾರು ಅಂತ ತಿಳಿದರೆ ಹೇಳಿ,” ಎಂದಿದ್ದ. ಬದರಿನಾಥ ಅಂದೇ ವಿಮಾನದ ಟಿಕೆಟ್ ಬುಕ್ ಮಾಡಿದ.

ಸುಜಾತಾ ಅವನ ತಟ್ಟೆಗೆ ಇನ್ನೊಂದು ಚಪಾತಿ ಹಾಕಿದಳು. ಬಿಸಿ ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ. ಮನೆಯಲ್ಲಿ ಮಾಡಿದ ಊಟವನ್ನು ಇನ್ನೊಬ್ಬರು ಬಡಿಸಿ ಅವನು ಉಂಡು ಎಷ್ಟು ದಿನವಾಗಿತ್ತೋ. ಎದುರು ಕೂತು ಕೇಳುವವರೂ ಇದ್ದರು, ಅದೂ ಕನ್ನಡದಲ್ಲಿ. ಬದರಿನಾಥನ ನಾಲಿಗೆ ಸಡಿಲವಾಯಿತು.

“ಇಷ್ಟೇ ಅಲ್ಲ. ಈ ವರ್ಷನ್ ಹಾಕಿದ ಮೇಲೆ ರೇಡಿಯೊನ ಪೂರ್ತಿ ರಿಸೆಟ್ ಮಾಡಬೇಕು ಅಂತ ಕಂಪನಿಯವರೇ ಹೇಳಿದ್ದಾರೆ. ಹಾಗಾಗಿ ಮೊದಲೇ ಎಲ್ಲ ಕಾರ್ಡಿಗೆ ಸೇವ್ ಮಾಡಿಟ್ಕೋಬೇಕು. ಇದನ್ನ ಮಾಡಿದವರು ಸೇವ್ ಮಾಡಿಲ್ಲ. ನೂರಾರು ಚಾನೆಲ್ ಇದ್ದವು, ಎಲ್ಲಾ ಅಳಿಸಿ ಹೋಗಿದೆ. ಒಂದೇ ಒಂದು ಚಾನೆಲ್ ಕೈಯಲ್ಲಿ ಒತ್ತಿ ತುಂಬಿದ್ದಾರೆ.”

“ಯಾವುದು?”

“ನಾನೂ ಅವನೂ ಮಾತಾಡ್ತಿದ್ದದ್ದು.”

ಸುಜಾತಾ ನೀರಿನ ಲೋಟ ಮುಂದಕ್ಕೆ ಸರಿಸಿದಳು. ಆಮೇಲೆ ಅವನು, ಸುಮ್ಮನಿರಬೇಕಾದವನು, ಇದನ್ನೂ ಹೇಳಿದ.

“ಗಡಿಯಾರ ನೋಡಿ. ಇಲ್ಲಿನ ಟೈಮಿಗಿಂತ ಅರ್ಧ ಗಂಟೆ ಹಿಂದಿದೆ, ಸಿಡ್ನಿ ಟೈಮಿಗಿಂತಲೂ ಅಷ್ಟೇ. ಈ ರೇಡಿಯೊ ಗಡಿಯಾರ ತಪ್ಪು ತೋರಿಸೋಕೆ ಸಾಧ್ಯ ಇಲ್ಲ, ಸ್ಯಾಟಲೈಟಿಂದಲೇ ಸರಿಮಾಡ್ಕೊಳ್ಳುತ್ತೆ. ಯಾವ ಊರಿನ ಟೈಮ್ ಅನ್ನೋದನ್ನ ಮಾತ್ರ ನಾವು ತುಂಬಬೇಕು. ರಿಸೆಟ್ ಆದ ಮೇಲೆ ಹ್ಯಾಮ್ ಆದವನು ಮೊದಲು ಮಾಡೋ ಕೆಲಸ ಅದು. ಕಾಲ್‌ಸೈನ್ ಅಂದ್ರೆ ತನ್ನ ಗುರುತಿನ ಅಕ್ಷರ ತುಂಬು, ಟೈಮ್ ಸರಿಮಾಡು. ಕೈ ತಾನಾಗೇ ಹೋಗುತ್ತೆ.”

“ಅರ್ಧಾ ತಾಸು ಹಿಂದ ಅಂದ್ರ ಎಲ್ಲೀ ಟೈಮ್ ಅದು?”

“ಸೌತ್ ಆಸ್ಟ್ರೇಲಿಯಾದ್ದು. ಅಡಿಲೇಡ್ ಇರಬೇಕು.”

ಸುಜಾತಾ ಎದ್ದು ಗ್ಯಾಸ್ ಆರಿಸಿದಳು. ಒರೆಸಿದ ಕಟ್ಟೆಯನ್ನೇ ಮತ್ತೊಮ್ಮೆ ಒರೆಸಿದಳು. ದುಃಖಕ್ಕೆ ಕೈ ಏನಾದರೂ ಮಾಡುತ್ತಿರಬೇಕು, ಪಾಪ ಎಂದುಕೊಂಡ ಬದರಿನಾಥ.

“ಈಗ ಏನ್ಮಾಡವರು?” ಎಂದು ಕೇಳಿದಳು.

“ನಮ್ಮ ಹ್ಯಾಮ್ ಗೆಳೆಯ ವೀರೇಂದ್ರನ್ನ ನೋಡಬೇಕು. ಇದರೊಳಗಿರೋ ಕಾರ್ಡ್ ಅವನದ್ದು, ಗುರುತಿದೆ.”

“ನಾ ಬಿಡ್ತೀನ್ರಿ ನಿಮ್ಮನ್ನ. ಕಾರಿನ್ಯಾಗ ಕೂತಿರ್ತೀನಿ, ನೀವು ಮಾತಾಡ್ಕೊಂಡು ಬರ್ರಿ.”

*

ವೀರೇಂದ್ರನ ಮನೆ ಅದೇ ಸಬರ್ಬಿನ ಇನ್ನೊಂದು ತುದಿಯಲ್ಲಿತ್ತು. ಬೆಳಗಾವಿಯವನು, ವೃತ್ತಿಯಲ್ಲಿ ಸಿವಿಲ್ ಎಂಜಿನಿಯರು. ಕಾರನ್ನು ಬಿಸಿಲಿಗೆ ನಿಲ್ಲಿಸಿ ಗ್ಯಾರೇಜನ್ನು ರೇಡಿಯೊಗಳಿಗೆ ಬಿಟ್ಟುಕೊಟ್ಟಿದ್ದ. ಹೊಸ ವರ್ಷನ್ ಬಂದಾಗಲೆಲ್ಲ ಅದನ್ನು ಕಾರ್ಡಿಗೆ ತುಂಬಿ ಊರಿನ ಹ್ಯಾಮ್‌ಗಳಿಗೆಲ್ಲ ಹಂಚುವ ಪುಣ್ಯದ ಕೆಲಸ ಅವನದು. ಕಾರ್ಡು ಅದಲು ಬದಲಾಗದಿರಲಿ ಎಂದು ಹೆಂಡತಿಯ ಹಸಿರು ಉಗುರು ಬಣ್ಣದಿಂದ ಅದಕ್ಕೊಂದು ಚುಕ್ಕೆ ಇಡುತ್ತಿದ್ದ.

“ಬರ್ರಿ ಬರ್ರಿ ಬದರಿ ಸರ್! ಏನು, ಒಂದು ಫೋನೂ ಇಲ್ದ ಬಂದ್ರಿ? ಚಹಾ ಮಾಡ್ಲೇನು?”

ಬದರಿನಾಥ ರೇಡಿಯೊವನ್ನು ಅವನ ಮುಂದಿಟ್ಟ. ಒಂದು ಹೊಸ ರೇಡಿಯೊ ಕಂಡರೆ ಮದುವೆ ಮನೆಯಲ್ಲೂ ಕೈ ಚಾಚುವ ವೀರೇಂದ್ರ, ಇದನ್ನು ಮುಟ್ಟಲೇ ಇಲ್ಲ.

“ಯಾರದ್ರಿ ಇದು?”

“ಗೊತ್ತಿಲ್ವಾ?”

“ಇಂಥವು ಊರ ತುಂಬ ಅದಾವಲ್ರಿ.”

ಬದರಿನಾಥ ಪಕ್ಕದ ರಬ್ಬರ್ ಮುಚ್ಚಳ ತೆಗೆದು ಕಾರ್ಡನ್ನು ಹೊರಗೆಳೆದ. ಉಗುರಿನಷ್ಟು ಕಾರ್ಡು, ಅದರ ಮೇಲೆ ಹಸಿರು ಚುಕ್ಕೆ.

ವೀರೇಂದ್ರ ನಕ್ಕ, ನಗು ಸರಿಯಾಗಿ ಕೂರಲಿಲ್ಲ. “ಓ, ಚಕ್ರಪಾಣಿ ಸರ್‌ದೇನು? ಅವರಿಗೂ ಹಿಂದ ಒಂದು ಕಾರ್ಡ್ ಕೊಟ್ಟಿದ್ನಿ. ಹಳೇದು ಅದು.”

“ಹಳೇ ಕಾರ್ಡಲ್ಲಿ ಕಳೆದ ತಿಂಗಳ ಫೈಲ್ ಹೇಗೆ ಬಂತು ವೀರೇಂದ್ರ?”

“ಏನೋ ಆಗಿರಬೇಕ್ರಿ.”

“ಏನೋ ಆಗೋಕೆ ಅದೇನು ಮೊಸರು ಹೆಪ್ಪಾ? ಯಾರೋ ಕೂತು ತುಂಬಬೇಕು. ನೀವು ತುಂಬಿದ್ದೀರಿ. ಸಮುದ್ರಕ್ಕೆ ಹೋದವನ ರೇಡಿಯೊ ನಿಮ್ಮ ಕೈಗೆ ಹೇಗೆ ಸಿಕ್ತು? ಅವನ ಹೆಂಡತಿ ಹೆಸರು ಬರೆದು ನನಗೆ ಯಾಕೆ ಕಳಿಸಿದ್ರಿ?” ಅವನ ದನಿ ಏರಿತ್ತು. “ಅವನಿಗೆ ಏನು ಮಾಡಿದ್ರಿ ನೀವು?”

ವೀರೇಂದ್ರ ಗ್ಯಾರೇಜಿನ ರೋಲರ್ ಬಾಗಿಲಿನ ಬಟನ್ ಒತ್ತಿದ. ಬಾಗಿಲು ಗರಗರ ಇಳಿದು ಹೊರಗಿನ ಬೆಳಕನ್ನು ಮುಚ್ಚಿತು. ಬದರಿನಾಥ ಒಂದು ಹೆಜ್ಜೆ ಹಿಂದೆ ಸರಿದ. ತಾನು ಇಲ್ಲಿರುವುದು ಪ್ರಣತಿಗೂ ಗೊತ್ತಿಲ್ಲ ಎಂಬುದು ಅವನಿಗೆ ಆಗ ಹೊಳೆಯಿತು.

“ಕೂಡ್ರಿ ಸರ್,” ಎಂದ ವೀರೇಂದ್ರ. ತಾನೇ ಮೊದಲು ಸ್ಟೂಲಿನ ಮೇಲೆ ಕುಸಿದ. “ಅಪ್‌ಡೇಟ್ ಮಾಡಿದಾಂವ ನಾ ಅಲ್ಲ. ಕಾರ್ಡ್ ಒಯ್ದು ಕೊಟ್ಟೇನಿ, ಅಷ್ಟ. ನಾ ಮಾಡಿದ್ರ ಸೇವ್ ಮಾಡದ ಮಾಡ್ತಿದ್ನೇನ್ರಿ? ನಾ ಚಹಾ ತರಾಕ ಹೋಗಿದ್ನಿ. ಬರೂದ್ರಾಗ ಒತ್ತಿಬಿಟ್ಟಿದ್ರು. ಸೇವ್ ಮಾಡಿದ್ರಿಲ್ಲೋ ಅಂತ ಕೇಳಿದ್ರ, ಏನು ಸೇವು ಅಂತ ನನ್ನ ಮಾರಿ ನೋಡಿದ್ರು.”

“ಯಾರು?”

“ಯಾರಂತ ಕೇಳ್ತೀರಿ ನೀವು? ‘ಬದರಿ ಆರು ವರ್ಷ ಬಡಕೊಂಡಾನ, ಅವನ ಸಲುವಾಗಿ ಒಮ್ಮೆ ಮಾಡ್ತೀನಿ, ಅವ ಮೊದಲ ವರ್ಷನ್ನೇ ನೋಡ್ತಾನ’ ಅಂದ್ರು. ಶುಕ್ರವಾರ ಬರೂದ್ರಾಗ ನಿಮಗೊಬ್ಬರಿಗೆ ತಿಳೀಲಿ ಅಂತ ಅವರಿಗೆ. ಬರೆದು ಕಳಿಸೂ ಹಂಗಿಲ್ಲ, ಫೋನ್ ಮಾಡೂ ಹಂಗಿಲ್ಲ. ನನ್ನ ಹೆಸರು ಹಾಕಿದ್ರ ನೀವು ನನ್ನ ಮ್ಯಾಲೆ ಬೀಳ್ತೀರಿ ಅಂತ ನಾ ಸುಜಾತಾ ವೈನಿಯವರ ಹೆಸರು ಬರದ್ನಿ. ಅದೊಂದು ನಂದು ತಪ್ಪಾತು.”

ಬದುಕಿದ್ದಾನೆ.

ಬದರಿನಾಥ ಮುಖ ಮುಚ್ಚಿಕೊಂಡ. ನಾಚಿಕೆ ಬಿಟ್ಟು ಅತ್ತ. ಸಂತೋಷವೇ ಅದು, ಸಂಶಯವಿಲ್ಲ. ಆದರೆ ಅದರ ಬೆನ್ನಿಗೇ ಇನ್ನೊಂದು ನೋವು ಬಂದು ಕೂತಿತು.

“ನಾಲ್ಕು ತಿಂಗಳು ರೀ. ದಿನಾ ಬೆಳಗ್ಗೆ ಕರೀತಿದ್ದೆ ಅವನನ್ನ.”

“ಕೇಳತಿದ್ರು.”

“ಏನು?”

“ನಾ ಒಂದು ಹಾಟ್‌ಸ್ಪಾಟ್ ಕೊಟ್ಟಿದ್ನಿ. ಮುಂಜಾನೆ ನೀವು ಕರಿಯೂ ಹೊತ್ತಿಗೆ ರೇಡಿಯೊ ಕಿವಿಗೆ ಹಚ್ಚಿಕೊಂಡು ಕೂಡ್ತಿದ್ರು. ಬಟನ್ ಮಾತ್ರ ಒತ್ತತಿರಲಿಲ್ಲ.” ವೀರೇಂದ್ರ ತಲೆ ತಗ್ಗಿಸಿದ. “ಒತ್ತಿದ್ರ ಅವರ ಕಾಲ್‌ಸೈನ್ ಎಲ್ಲಾರ ಸ್ಕ್ರೀನಿನ್ಯಾಗೂ ಬರ್ತಿತ್ತಲ್ರಿ.”

ಬದರಿನಾಥನ ಖಾಲಿ ಬಾಲ್ಕನಿಯ ಆ ತುದಿಯಲ್ಲಿ ಕಿವಿಯೊಂದು ಇತ್ತು. ಅದು ಗೊತ್ತಾದರೆ ಒಂಟಿತನ ಕಡಿಮೆಯಾಗಬೇಕಿತ್ತು. ಆಗಲಿಲ್ಲ, ಇನ್ನೂ ಹೆಚ್ಚಾಯಿತು.

“ಯಾಕೆ ಅಡಗಿದ್ದಾನೆ?”

“ಆವತ್ತು ಅವರು ಜಾರಿ ಬಿದ್ದಿಲ್ರಿ. ಬೆನ್ನಿಗೆ ಎರಡು ಕೈ ಬಿದ್ವು ಅಂತಾರ. ಕತ್ತಲಾಗ ಬಂಡೆ ಹಿಡಕೊಂಡು ಹೆಂಗೋ ಮ್ಯಾಲ ಬಂದು, ರೇಡಿಯೊದಾಗ ನನ್ನ ಕರದ್ರು. ನೀರು ಕುಡಿದ್ರೂ ಸಾಯದ ರೇಡಿಯೊ ಇದು. ನಾ ಹೋಗಿ ಕರಕೊಂಡು ಬಂದೆ. ದವಾಖಾನಿ ಬ್ಯಾಡ, ಪೊಲೀಸ್ ಬ್ಯಾಡ ಅಂತ ಕೈ ಹಿಡದ್ರು.”

“ಯಾರು ನೂಕಿದ್ದು?”

“ಅದೊಂದು ಬಾಯಿ ಬಿಡವಲ್ರು. ಮನಿಗೆ ತಿಳೀಬಾರದು ಅನ್ನೂದೊಂದ ಮಾತು. ಸುಜಾತಾ ವೈನಿಗೆ ಮಾತ್ರ ಗೊತ್ತಾಗಬಾರದು ಅಂತ ಆಣಿ ಹಾಕಿಸ್ಯಾರ.”

“ಎಲ್ಲಿದ್ದಾನೆ ಈಗ? ಅಡಿಲೇಡ್‌ನಲ್ಲಾ?”

“ಅಡಿಲೇಡ್ ಅಲ್ರಿ, ಅದೇ ರಾಜ್ಯದ ಸಣ್ಣ ಊರು, ಮೌಂಟ್ ಗ್ಯಾಂಬಿಯರ್. ಪಿಆರ್, ಈ ದೇಶದಾಗ ಕಾಯಂ ಉಳಿಯೂ ಪರವಾನಗಿ ಸಲುವಾಗಿ ಮೊದಲ ಬಂದಾಗ ಗಂಡ ಹೆಂಡ್ತಿ ಅಲ್ಲೇ ಇದ್ರಲ್ಲ, ಹಳೇ ಪರಿಚಯದವರ ಮನ್ಯಾಗ ಅದಾರ.” ವೀರೇಂದ್ರ ಥಟ್ಟನೆ ತಲೆಯೆತ್ತಿದ. “ತಡೀರಿ. ಅಡಿಲೇಡ್ ಅಂತ ನಿಮಗ ಯಾರು ಹೇಳಿದ್ರು?”

“ರೇಡಿಯೊ ಗಡಿಯಾರ. ಸೌತ್ ಆಸ್ಟ್ರೇಲಿಯಾ ಟೈಮಲ್ಲಿದೆ.”

“ಅಯ್ಯ ದೇವ್ರೇ. ಟೈಮ್ ಸರಿ ಮಾಡಿಬಿಟ್ಟಾರ ಆ ಪುಣ್ಯಾತ್ಮರು! ಇದ್ದೀನಿ ಅಂತ ತಿಳಸ್ರಿ, ಎಲ್ಲಿದ್ದೀನಿ ಅಂತ ತಿಳಸಬ್ಯಾಡ್ರಿ ಅಂದವರೂ ಅವರೇ. ಸರ್, ನೀವು ಇದನ್ನ ಯಾರ ಮುಂದೂ ಆಡಿಲ್ಲ ಹೌದಿಲ್ರಿ?”

ಬದರಿನಾಥ ಎದ್ದು ಬಾಗಿಲಿನ ಬಟನ್ ಒತ್ತಿದ. ರೋಲರ್ ಬಾಗಿಲು ಸಾವಕಾಶ ಏರುತ್ತಿರುವಾಗಲೇ ಬಗ್ಗಿ ನುಸುಳಿ ಹೊರಗೆ ಓಡಿದ.

ಬೀದಿ ಖಾಲಿ. ಸುಜಾತಾಳ ಕಾರು ಇರಲಿಲ್ಲ. ನೆರೆಮನೆಯವನೊಬ್ಬ ಕಸದ ಡಬ್ಬಿಗಳನ್ನು ಒಳಗೆ ಎಳೆದುಕೊಂಡು ಹೋಗುತ್ತಿದ್ದ.

ಅವನಿಗೆ ಅಡಿಲೇಡ್ ಎಂದರೆ ಹದಿಮೂರು ಹದಿನಾಲ್ಕು ಲಕ್ಷ ಜನರ ಊರು. ಆದರೆ ಸುಜಾತಾಳಿಗೆ ಸೌತ್ ಆಸ್ಟ್ರೇಲಿಯಾ ಎಂದರೆ ಒಂದೇ ಊರು, ಆ ಊರಲ್ಲಿ ಒಂದೆರಡೇ ಮನೆ. ಒಂದು ಬಿಸಿ ಚಪಾತಿಗೆ, ಎದುರು ಕೂತು ಹೂಂಗುಟ್ಟಿದ್ದಕ್ಕೆ, ಅವನು ಆ ಮನೆಯ ದಾರಿಯನ್ನು ತಾನೇ ತೋರಿಸಿಕೊಟ್ಟಿದ್ದ. ತನ್ನ ಮೇಲೆ ತನಗೇ ಇಷ್ಟು ಅಸಹ್ಯ ಅವನಿಗೆ ಎಂದೂ ಆಗಿರಲಿಲ್ಲ.

ಸುಜಾತಾಳಿಗೆ ಫೋನ್ ಮಾಡಿದ. ಅವಳು ಎತ್ತಿದಳು. ಹಿಂದೆ ಲಾರಿಗಳ ಸದ್ದಿತ್ತು.

“ಹೇಳ್ರಿ ಬದರಿ ಸರ್.”

“ಎಲ್ಲಿದೀರಿ ಸುಜಾತಾ ಅವರೇ?”

“ಫ್ರೀವೇ ಮ್ಯಾಲೆ ಇದ್ದೀನಿ. ನಿಮ್ಮ ಮಾತು ಲಗೂ ಮುಗಿಯೂ ಹಂಗ ಕಾಣಲಿಲ್ಲ.” ದನಿ ಊಟ ಬಡಿಸುವಾಗ ಇದ್ದಂತೆಯೇ ಮೆತ್ತಗಿತ್ತು. “ವೀರೇಂದ್ರ ಏನಂದ್ರು? ಇದ್ದಾರಂತೇನು ಅವರು?”

ವೀರೇಂದ್ರ ಪಕ್ಕದಲ್ಲಿ ನಿಂತು ಎರಡೂ ಕೈ ಬೀಸಿ ಬೇಡ ಬೇಡ ಎನ್ನುತ್ತಿದ್ದ. ಇದ್ದಾನೆ ಎಂಬ ಒಂದು ಮಾತನ್ನು ಜೋರಾಗಿ ಹೇಳಲೆಂದೇ ಬದರಿನಾಥ ಸಿಡ್ನಿಯಿಂದ ಬಂದಿದ್ದ. ನಾಲ್ಕು ತಿಂಗಳಿಂದ ಅವನು ಕಾದದ್ದೂ ಅದೊಂದಕ್ಕೇ.

“ಇಲ್ಲ,” ಎಂದ. “ಆವತ್ತೇ ಹೋಗಿದ್ದಾನೆ. ರೇಡಿಯೊ ದಡದಲ್ಲಿ ಸಿಕ್ಕಿತ್ತಂತೆ, ವೀರೇಂದ್ರ ಎತ್ತಿಟ್ಟುಕೊಂಡಿದ್ರಂತೆ. ಕ್ಷಮಿಸಿ. ಸುಮ್ಮನೆ ನಿಮಗೆ ಆಸೆ ಹುಟ್ಟಿಸಿದೆ.”

“ಸುಳ್ಳು ಹೇಳ್ಲಿಕ್ಕೆ ಬರೂದಿಲ್ರಿ ನಿಮಗ,” ಎಂದಳು ಸುಜಾತಾ. ಸಿಟ್ಟಿರಲಿಲ್ಲ. “ಇರ್ಲಿ. ಈಗ ಹೇಳಿದ್ದನ್ನೇ ಶುಕ್ರವಾರ ಕಾರನರ್ ಮುಂದ ನಿಂತು ಹೇಳ್ತೀರೇನು? ಹೇಳ್ತೀನಿ ಅಂದ್ರ ಮುಂದಿನ ಎಕ್ಸಿಟ್ಟಿನ್ಯಾಗ ಗಾಡಿ ತಿರಗಸ್ತೀನಿ. ಇಲ್ಲಂದ್ರ ಸಂಜೀಕ ನಾ ಆ ಮನಿ ಬಾಗಲಾ ಬಡೀತೀನಿ.”

ಮುಳುಗಿದ್ದಾನೆ ಎಂದು ಕಾರನರ್ ಬರೆದುಬಿಟ್ಟರೆ, ಆ ಬೆನ್ನಿಗೆ ಬಿದ್ದ ಎರಡು ಕೈ ಯಾರದೆಂದು ಇನ್ನು ಯಾರೂ ಕೇಳುವುದಿಲ್ಲ.

“ಹೇಳ್ತೀನಿ,” ಎಂದ.

ಅವಳು ಸರಿ ಎಂದೂ ಅನ್ನದೆ ಫೋನ್ ಇಟ್ಟಳು. ಕಾರು ತಿರುಗಿತೋ ಇಲ್ಲವೋ ತಿಳಿಯಲು ಅವನಿಗೆ ಯಾವ ದಾರಿಯೂ ಇರಲಿಲ್ಲ.